ಒಂಬತ್ತು ಮಿಲಿಮೀಟರ್

ಮಂಡ್ಯದ ಸ್ಕ್ಯಾನಿನ ಚೀಟಿಯಲ್ಲಿ ಹೀಗಿತ್ತು:
ಗರ್ಭಕೋಶದೊಳಗೆ ಗಂಟು, ಒಂಬತ್ತು ಮಿಲಿಮೀಟರ್.
ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ,
ಕುಡುಗೋಲಿನ ಬಾಗು, ಕೆಳಗೆ ಒಂದು ಹನಿ.

ಇಪ್ಪತ್ತೆರಡು ವರ್ಷದಿಂದ
ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ
ಕಬ್ಬಿನ ಹಾಲಿನ ಬ್ರಿಕ್ಸ್ ನೋಡುವವಳು ನಾನು.
ಗಾಜು ಒರೆಸದಿದ್ದರೆ ಒಂದು ಅಂಕಿ,
ಹಾಲು ಬಿಸಿಯಿದ್ದರೆ ಇನ್ನೊಂದು,
ರಾತ್ರಿ ಪಾಳಿಯ ಕಣ್ಣಿಗೆ ಮತ್ತೊಂದು.
ಗೇಟಿನಲ್ಲಿ ಗಾಡಿ ನಿಲ್ಲಿಸಿ ಕಾಯುವವನಿಗೆ
ನಾನು ಬರೆದದ್ದೇ ಅವನ ಕಬ್ಬಿನ ಸಿಹಿ.
ಈಗ ಗೇಟಿನಲ್ಲಿ ನಾನು.

ವಾರಗಿತ್ತಿ ಜವರಮ್ಮ ಅಂದಳು:
"ತೆಗ್ಸಾಕ್ಬುಡು ಅತ್ಲಾಗೆ. ಎರಡು ಹೆತ್ತಾಯ್ತಲ್ಲ,
ಇನ್ನೇನು ಉಪ್ಪಿನಕಾಯಿ ಹಾಕೀಯಾ?"
ಅವಳದನ್ನು ಮೂವತ್ತಾರಕ್ಕೇ ತೆಗೆದಿದ್ದರು,
ಒಂದೇ ಒಂದು ಸ್ಕ್ಯಾನಿನ ಮಾತು ಕೇಳಿ.
ತೆಗೆದದ್ದನ್ನು ಕೊಯ್ದು ನೋಡಿದ ವರದಿ
ಮೂರು ವಾರ ತಡವಾಗಿ ಬಂತು.
ಓದಿ ಹೇಳಿದವಳು ನಾನೇ.
ಗಂಟು ಕಾಣಲಿಲ್ಲ ಎಂಬ ಸಾಲನ್ನು
ಬಿಟ್ಟು ಓದಿದೆ.

ಬೆಳಗಿನ ಮೆಮು ಹತ್ತಿ ಮೈಸೂರು.
ಸರಸ್ವತಿಪುರದ ಡಾಕ್ಟರ್ ನಿಖತ್
ಉಪ್ಪುನೀರು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರು.
"ಮಡಚಿದ ಚೀಲ ಹೊರಗಿಂದ ತಡವಿದ ಹಾಗೆ ಮೊದಲಿನದು.
ನೀರು ತುಂಬಿದರೆ ಬಿಚ್ಚಿಕೊಳ್ಳುತ್ತೆ,
ಮಡಿಕೆ ಯಾವುದು, ಗಂಟು ಯಾವುದು ಗೊತ್ತಾಗುತ್ತೆ."
ಕಪ್ಪು ನೀರಿನಲ್ಲಿ ಬೆಳ್ಳಗೆ ಏನೋ.
ಒಂಬತ್ತು ಹೋಗಿ ಹದಿಮೂರಾಯಿತು.
ಎಷ್ಟು ನಂಬಬಹುದು, ಕೇಳಿದೆ,
ಕಸುಬಿನ ಚಾಳಿ.
"ನೂರರಲ್ಲಿ ತೊಂಬತ್ತಕ್ಕೆ ಸರಿ ಬರುತ್ತೆ ಅಂದ್ಕೊಳ್ಳಿ.
ಉಳಿದ ಹತ್ತು ಜನ ಯಾರು ಅಂತ
ಅವರ ಹಣೆ ಮೇಲೆ ಬರೆದಿರಲ್ಲ."

ಮುಂದಿನ ಮಂಗಳವಾರ ಕ್ಯಾಮೆರಾ.
ಹುಲ್ಲುಕಡ್ಡಿಗಿಂತ ತುಸು ದಪ್ಪನೆಯ ಕೊಳವೆ,
ನೋವು, ಹಲ್ಲು ಕಚ್ಚುವಷ್ಟು.
ತೆರೆಯ ಮೇಲೆ ಹಲಸಿನ ತೊಳೆಯಂಥ ಒಳಮೈ.
ನನ್ನದೇ ಎಂದು ಯಾರಾದರೂ ಹೇಳಬೇಕಿತ್ತು.
ಮೂಲೆಯಲ್ಲಿ ನೀರಿಗೆ ತೂಗಾಡುತ್ತ
ಕಬ್ಬಿನ ಗೆಣ್ಣಿನ ಕಣ್ಣಿನಷ್ಟು ಅದು.
"ಅಗೋ" ಅಂದರು.
ಇಬ್ಬರೂ ನೋಡಿದೆವು.
ಕಣ್ಣಾರೆ ಕಂಡರೂ ಒಳ್ಳೆಯದೋ ಕೆಟ್ಟದ್ದೋ
ಕತ್ತರಿಸಿ ಕಳಿಸಿದ ಮೇಲೇ ಅಂತೆ.

ಇವತ್ತಿಗೆ ಏಳನೆಯ ದಿನ.
ಯಾವುದೋ ಲ್ಯಾಬಿನಲ್ಲಿ ನನ್ನಂಥವಳೊಬ್ಬಳು
ಗಾಜು ಒರೆಸುತ್ತಿರಬೇಕು.
ಒರೆಸಲಿ. ಇನ್ನೊಂದು ಸಲ ಒರೆಸಲಿ.

ಜವರಮ್ಮ ದಿನಾ ಫೋನು ಮಾಡುತ್ತಾಳೆ,
"ಏನಂತೆ?"
ಅವಳ ಆ ವರದಿ ನನ್ನ ಬೀರುವಿನಲ್ಲಿ
ಧಾರೆ ಸೀರೆಯ ಮಡಿಕೆಯೊಳಗೆ
ಇನ್ನೂ ಇದೆ.