ಜೇಕಿನ ಗಡ್ಡಿ

ನಮ್ಮದು ಒಂದೆಕ್ರೆ ಹದಿನಾಲ್ಕು ಗುಂಟೆ.
ಪಾಣಿಯಾಗ ಅಷ್ಟದ. ಹೊಲದಾಗ ಅಷ್ಟಿಲ್ಲ,
ಒಂದು ಮೂಲಿ ಫರ್ಸಿ ಖಣಿ ತಿಂದದ.
ಖಣ್ಯಾಗ ನೀರು, ನೀರಾಗ ಆಕಾಶ,
ಬ್ಯಾಸಿಗಿಗೆ ಎರಡೂ ಇರಂಗಿಲ್ಲ.

ಉಳಿದದ್ದರಾಗ ಏಳು ಹಂದಿ.
ಸಣ್ಣ ಜಾತಿ, ಕರಿ ಮೈ,
ಬೆನ್ನಮ್ಯಾಗ ಬ್ರಶ್ಶಿನಂಥ ಕೂದಲ.
ಮೇಯೋ ಹಂದಿ. ಹೌದ್ರಿ, ಮೇಯ್ತಾವ.
ಆಕಳದಂಗ ತಲಿ ತಗ್ಗಿಸಿ ಹಸೀ ಕರಕಿ ಕಚ್ಚಿ
ಒಂದೊಂದು ಸಲ ಸುಮ್ಮನ ನಿಂತು
ಏನೋ ನೆನಪಾದಂಗ.

ನಂಬಂಗಿಲ್ಲ ಯಾರೂ.
ಹಂದಿ ಏನು ತಿಂತದ ಊರಿಗೇ ಗೊತ್ತದ ಅಂತಾರ.
ಊರಾಗ ಬಿಟ್ರ ಊರಿಂದು ತಿಂತದ,
ಹೊಲದಾಗ ಬಿಟ್ರ ಹೊಲದ್ದು.

ಗಂಡಿನ ಹೆಸರು ಪಟವಾರಿ.
ದಿನಾ ಮುಂಜಾನೆ ಬದುವಿಗೆ ಮೂಗು ಹಚ್ಚಿ
ನಾಕೂ ದಿಕ್ಕು ಅಳೀತಾನ,
ಕಡೀಗೆ ತನಗ ಬೇಕಾದಲ್ಲೇ ಗುರುತು ಮಾಡ್ತಾನ.
ಹೆಣ್ಣು ಆರು. ಕಿವಿ ಹರದಾಕಿ ಎಲ್ಲಾರಿಗೂ ಹಿರೇಕಿ.
ಈಯೋ ಮುಂದ ಬಾಯಾಗ ಹುಲ್ಲು ಹಿಡಕೊಂಡು
ಜಾಲಿ ಕೆಳಗ ಗೂಡು ಕಟ್ತಾಳ, ಹಕ್ಕಿ ಕಟ್ಟಿದಂಗ.
ಆವಾಗ ನಾ ಹತ್ರ ಹೋಗಂಗಿಲ್ಲ.

ಬದುವಿನ ಆಕಡಿ ಮಡಿವಾಳಯ್ಯ. ಒಂಬತ್ತೆಕ್ರೆ ಎರಿ.
ಅದರಾಗ ನಾಕೆಕ್ರೆ ಜೇಕಿನ ಪಾಲು.
ಟ್ರ್ಯಾಕ್ಟರ್ ಹೊಡಿಸಿದ, ಎಣ್ಣಿ ಹೊಡಿಸಿದ,
ಎಂಟು ಆಳು ಹಚ್ಚಿ ಕುರಪಿಲೆ ತೆಗಿಸಿದ.
ಜೇಕು ಅಂದ್ರ ಅಣ್ತಮ್ಮರ ಜಗಳ ಇದ್ದಂಗ,
ಒಂದು ಗಡ್ಡಿ ಮುರದ್ರ ಮೂರು.

ಅಡ್ಡಮಳಿ ಬಿದ್ದ ಮರದಿನ, ವಾಡಿ ಗಾಡಿ ಕೂಗೋ ಹೊತ್ತು,
ಬದುವಿನಮ್ಯಾಗ ನಿಂತು 'ಮಾಣಿಕಮ್ಮಾ' ಅಂದ.
ಹನ್ನೊಂದು ವರ್ಷ 'ಏ ಹಂದ್ಯಾಕಿ' ಇದ್ದೆ ನಾ.
ಹಿಂದ ತಿರುಗಿ ನೋಡಿದೆ,
ಬ್ಯಾರೆ ಯಾರರ ನಿಂತಾರೇನಂತ.

'ನಿನ್ನವು… ಅವು… ಜೇಕು ತಿಂತಾವಂತಲ್ಲ?'
ಹೆಸರು ಬಾಯಾಗ ಬರವಲ್ದು.
'ಗಡ್ಡಿ ಹುಡಿಕ್ಯಾಡಿ ತಿಂತಾವ್ರಿ.'
'ಬಾಡಿಗಿ ಎಷ್ಟು?'

ರೊಕ್ಕ ಬ್ಯಾಡ್ರಿ. ನಿಮ್ಮ ಬಾವಿ ನೀರು, ದಿನಕ್ಕೊಂದು ತಾಸು,
ಈ ಬೇವಿನ ಕೆಳಗ. ಹೊರಳ್ಯಾಡಾಕ.
ಅವಕ್ಕ ಬೆವರಿಲ್ಲ, ಕೆಸರೇ ಅವುಗಳ ನೆರಳು.

ಬಾವಿ ಅಂದ ಕೂಡ್ಲೆ ಸುಮ್ಮನಾದ.
ಆ ಬಾವ್ಯಾಗ ನಮ್ಮ ಕೊಡ ಇಳಿದಿಲ್ಲ ಯಾವತ್ತೂ.
ಭಾಳ ಹೊತ್ತಿಗೆ, 'ಪೈಪ್ ಹಾಕ್ತೀನಿ' ಅಂದ.
ಪೈಪಿನ ನೀರು ಪೈಪಿಂದು,
ಬಾವೀದಲ್ಲ.

ಒಂಬತ್ತು ದಿನ.
ಮೂಗಿಲೆ ನೆಲ ಬಿಚ್ಚಿದ್ವು, ಹಳೇ ಹಚ್ಚಡದ ಹೊಲಿಗಿ ಬಿಚ್ಚಿದಂಗ.
ಹತ್ರ ಕುಂತ್ರ ಕೇಳತಿತ್ತು
ಕಟುಂ ಕಟುಂ, ಪುಟಾಣಿ ತಿಂದಂಗ.
ಮಡಿವಾಳಯ್ಯ ಮೊದಲ ದಿನ ಮೂಗಿಗೆ ಟವಲ್ ಕಟ್ಟಿಕೊಂಡು ಬಂದ.
ಮೂರನೇ ದಿನ ಟವಲ್ ಹೆಗಲಮ್ಯಾಗ.
ಆರನೇ ದಿನ ಮರತೇ ಬಂದಿದ್ದ.
ಒಂದು ಸಂಜಿ ಯಾರೂ ಇಲ್ಲಂತ ತಿಳದು
ನಾ ಕರಿಯೋ ಹಂಗೇ ಕರದ,
ಬುರ್ರಾ, ಬುರ್ರಾ, ಬುರ್ರಾ.
ಪಟವಾರಿ ತಲಿ ಎತ್ತಿ ನೋಡಿದ, ಹೋಗಲಿಲ್ಲ.
ನಾ ಜಾಲಿ ಹಿಂದ ಕುಂತಿದ್ದೆ. ಕೆಮ್ಮಲಿಲ್ಲ.

ಐತವಾರ ತಾಂಡೂರಿನ ಟೆಂಪೋ ಬಂತು.
ಎರಡು ತೂಗಿ ಕೊಟ್ಟೆ.
ಮುದ್ದಿಗಂತ ಸಾಕಿಲ್ಲ ನಾ, ಲೆಕ್ಕಕ್ಕ ಸಾಕೀನಿ;
ಆದ್ರೂ ಆ ರಾತ್ರಿ ಗೂಡಿನ ಕಡಿ ದೀಪ ಒಯ್ಯಂಗಿಲ್ಲ,
ಎಣಿಸಾಕ ಮನಸ್ಸಾಗಂಗಿಲ್ಲ.
ಬದುವಿನ ಆಕಡಿಂದ ದನಿ ಬಂತು:
'ಕಿವಿ ಹರದದ್ದು ಅದನೋ, ಇಲ್ಲೋ?'
'ಅದ್ರಿ.'
ಅಷ್ಟ. ಮತ್ತ ಏನೂ ಕೇಳಲಿಲ್ಲ,
ಲಗೂನ ಹೋಗಲೂ ಇಲ್ಲ.

ಮಿರಗ ಬಿದ್ದು ಈಗ ಅವನ ತೊಗರಿ ಮೊಣಕಾಲುದ್ದ.
ಪೈಪ್ ಬದುವಿನಮ್ಯಾಗ ಹಂಗೇ ಬಿದ್ದದ, ಸುತ್ತಿ ಒಯ್ದಿಲ್ಲ.
ಸಾಲಿನ ನಡುವ ಅಲ್ಲೊಂದು ಇಲ್ಲೊಂದು
ಜೇಕು ತಲಿ ಎತ್ತ್ಯಾದ.

ಎತ್ತಲಿ.
ಮುಂದಿನ ಬ್ಯಾಸಿಗಿ ತನಕ
ಅಂವ ನನ್ನ ಹೆಸರು ಮರೀಬಾರದಲ್ಲ.