ಗದ್ದ ಸ್ವಲ್ಪ ಮೇಲೆ

ಅರಸೀಕೆರೆಯ ಸಂತೆಬೀದಿಯಲ್ಲಿ
ಮೂವತ್ತೊಂದು ವರ್ಷ ನಾನು ಹೂವಿನ ಫೋಟೊ ತೆಗೆದವನೇ:
ಮೊಗ್ಗಿನ ಜಡೆಗೆ ಪೋಣಿಸಿದ್ದು,
ಅಕ್ಷತೆಯ ಜೊತೆ ಹಾರಿದ್ದು,
ಚಟ್ಟದ ಮೇಲಿದ್ದು, ಬಿಸಿಲೇರುವ ಮೊದಲೇ
ಬೇಗ ಬೇಗ ತೆಗಿ ಅನ್ನಿಸಿಕೊಂಡದ್ದು.
ಎಲ್ಲವೂ ಕಿತ್ತವು.
ಒಂದಕ್ಕೂ ಕಾಲಿರಲಿಲ್ಲ.
ಇದು ಹೊಳೆದದ್ದು ಮೊನ್ನೆ,
ಹಿರೇಕಲ್ಲು ಗುಡ್ಡದ ಬೆನ್ನಿನಲ್ಲಿ
ಹೊಟ್ಟೆ ಊರಿ ಮಲಗಿದಾಗ.

ಮದುವೆ ಮನೆಗಳಿಗೆ ಈಗ ಡ್ರೋನು ಬರುತ್ತದೆ.
ನನ್ನ ಪಾಲಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು,
ಮತ್ತು ಭಾನುವಾರ.

ಭಾದ್ರಪದದ ಬಿಸಿಲು. ಎರಡೇ ಮಳೆ ಕಂಡ ಗುಡ್ಡ.
ಬಂಡೆಯ ಬಿರುಕಲ್ಲಿ ಒಂದು ಹಿಡಿ ಮಣ್ಣು,
ಮಣ್ಣಿನಲ್ಲಿ ತುಂಬೆ, ಉತ್ತರಾಣಿ,
ಕಚ್ಚಿದರೆ ಬಿಡದ ಅಂಟುಪುರಲೆ,
ಅವುಗಳ ಕಂಕುಳಲ್ಲಿ ಇದು.
ಸಾಸಿವೆಗಿಂತ ದೊಡ್ಡದು, ಅವರೆಕಾಳಿಗಿಂತ ಸಣ್ಣದು.
ನೀಲಿ ಅನ್ನಬಹುದು,
ಶಾಯಿ ಬಿದ್ದ ಅಂಗಿಯನ್ನು ನಾಲ್ಕು ಸಲ ಒಗೆದರೆ
ಉಳಿಯುತ್ತದಲ್ಲ, ಆ ನೀಲಿ.

ಹಳೆಯ ಎನ್‌ಲಾರ್ಜರಿನ ಲೆನ್ಸನ್ನು ತಿರುಗಿಸಿ
ಕ್ಯಾಮೆರಾದ ಮೂತಿಗೆ ಕಟ್ಟಿದ್ದೆ.
ರೇಷನ್ ಕಾರ್ಡಿನ ಮೂಲೆಯಿಂದ ಸತ್ತವರ ಮುಖ ಎತ್ತಿ
ಗೋಡೆಯಷ್ಟು ದೊಡ್ಡದು ಮಾಡುತ್ತಿದ್ದ ಗಾಜು ಅದು.
ಬದುಕಿದ್ದನ್ನು ನೋಡುವುದು ಅದಕ್ಕೂ ಹೊಸದು.

ಅಭ್ಯಾಸಬಲ, "ಗದ್ದ ಸ್ವಲ್ಪ ಮೇಲೆ" ಎಂದೆ.
ಗಾಳಿ ಬಂತು. ಅದು ತಲೆಯನ್ನೇ ತಿರುಗಿಸಿತು.
"ನಗಬೇಕು" ಅನ್ನಲಿಲ್ಲ. ಅಷ್ಟು ಬುದ್ಧಿ ಇತ್ತು.

ಮಕ್ಬೂಲ್ ಕೊಡೆ ಹಿಡಿದಿದ್ದ,
ಎಷ್ಟೋ ಮದುಮಕ್ಕಳ ಮೇಲೆ ಬೆಳಕು ಚೆಲ್ಲಿದ ಬಿಳಿ ಕೊಡೆ,
ಈಗ ನೆರಳಿಗೆ.
"ಸಾರ್, ಇದರ ಆಲ್ಬಂ ಯಾರು ತಗೊಂತಾರೆ?"

ನಲವತ್ತು ಸಲ ಒತ್ತಿದೆ. ನಲವತ್ತೂ ಮಂಜು.
ಉಸಿರು ಬಿಟ್ಟರೆ ನಾನೇ ಗಾಳಿ,
ಹಿಡಿದರೆ ಎದೆ ನೆಲಕ್ಕೆ ಬಡಿದು
ಅದರ ದಂಟಿಗೂ ಕೇಳಿಸುವುದೇನೋ.

ಆಡಿನ ಗಂಟೆ. ಕುಡುಗೋಲು. ದ್ಯಾವೀರಮ್ಮ.
"ಏನ್ ಸಾಮಿ, ಇದುಕ್ಕೂ ಆಧಾರ್ ಕಾರ್ಡು ಮಾಡುಸ್ತೀರಾ?"
ಹೆಸರು ಕೇಳಿದೆ.
"ಏನೋ ಒಂದು. ಆಡು ತಿನ್ನಾಕಿಲ್ಲ, ಅಷ್ಟೇ ಗೊತ್ತು."
ಆಮೇಲೆ ಕುಕ್ಕರಗಾಲಲ್ಲಿ ಕೂತಳು,
ದಂಟನ್ನು ಎರಡು ಬೆರಳಲ್ಲಿ ಹಿಡಿದಳು,
ಜ್ವರ ಬಂದ ಮಗುವಿನ ಮಣಿಕಟ್ಟು ಹಿಡಿದಂತೆ.
"ಊಂ, ತೆಗೀರಿ. ನಂಗೂ ಕೆಲ್ಸ ಐತೆ."

ಸುತ್ತಲಿನ ಹುಲ್ಲೆಲ್ಲ ಬಾಗಿತು.
ಅದೊಂದು ನಿಂತಿತ್ತು.

ಐದು ಎಸಳು. ಒಂದರಲ್ಲಿ ಹುಳ ಕಚ್ಚಿದ ತೂತು.
ಹಳದಿ ಧೂಳಲ್ಲಿ ಸಿಕ್ಕಿಬಿದ್ದ ಇರುವೆ.
ಅಂಚಿನಲ್ಲಿ ಅವಳ ಹೆಬ್ಬೆರಳು,
ಉಗುರ ಸಂದಿಯಲ್ಲಿ ಸೊಪ್ಪಿನ ಹಸಿರು,
ಕುಡುಗೋಲಿನ ಹಳೆಯ ಗೆರೆ.

ಎಷ್ಟು ಹೆಣ್ಣುಮಕ್ಕಳ ಮಚ್ಚೆ ಅಳಿಸಿದ್ದೇನೆ,
ಎಷ್ಟು ಕಪ್ಪನ್ನು ಗೋಧಿಬಣ್ಣ ಮಾಡಿದ್ದೇನೆ,
ಜಗಳವಾಡಿಕೊಂಡ ಭಾವಮೈದುನನನ್ನು ಗುಂಪಿನಿಂದ ಕತ್ತರಿಸಿ
ಅಲ್ಲೊಂದು ಹೂಕುಂಡ ಇಟ್ಟಿದ್ದೇನೆ.
ತೂತು ಬಿಟ್ಟೆ. ಬೆರಳು ಬಿಟ್ಟೆ.

ಇಳಿಯುವಾಗ ತಿರುಗಿ ನೋಡಿದರೆ
ಒಂದು ಮರಿ, ಹುಟ್ಟಿ ಹದಿನೈದು ದಿನವಿರಬೇಕು,
ಏನು ತಿನ್ನಬಾರದೆಂದು ಅದಕ್ಕಿನ್ನೂ ಯಾರೂ ಹೇಳಿಲ್ಲ,
ಹೂವನ್ನು ಕಿತ್ತು ಅಗಿದು, ಮುಖ ಸಿಂಡರಿಸಿ,
ಉಗಿದು, ಕುಪ್ಪಳಿಸಿ ಹೋಯಿತು.
ಮಕ್ಬೂಲ್ ಕೊಡೆ ಮಡಿಸುವುದನ್ನು ಮರೆತ.
"ಬೇರು ಐತೆ, ಬುಡಿ" ಎಂದು ಮೇಲಿಂದ ಕೂಗು.

ಸ್ಟುಡಿಯೋದಲ್ಲಿ ಕವರು ಮುಂದಿಟ್ಟುಕೊಂಡು ಕೇಳಿದ.
ಹೆಸರು? ಖಾಲಿ ಬಿಡು.
ಊರು? ಹಿರೇಕಲ್ಲು.
ಎಷ್ಟು ಕಾಪಿ? ಎರಡು, ಒಂದು ದ್ಯಾವೀರಮ್ಮನಿಗೆ,
ಬೆರಳು ಅವಳದ್ದಲ್ಲವೆ.
ಮುಂಗಡ? ಇಲ್ಲ.
ಬಾಕಿ?
ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದ.
ನಾನು ಗದ್ದವನ್ನು ಎದೆಗೊತ್ತಿ
ಅಂಗಿಗೆ ಕಚ್ಚಿದ ಅಂಟುಪುರಲೆಯನ್ನು
ಒಂದೊಂದೇ ಬಿಡಿಸುತ್ತಿದ್ದೆ.