ಬಾಯಿ ಬಿಟ್ಟು ಉಳಿದದ್ದು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನಗೆ ರಾತ್ರಿ ಪಾಳಿ,
ಮದುವೆಯ ತಿಂಗಳುಗಳಲ್ಲಿ ಹಗಲು ಬ್ಯಾಂಡು.
ಆರು ವರ್ಷ ಊದಿದ್ದು ಮಾಲಕರ ಆಲ್ಟೊ.
ಮೆರವಣಿಗೆ ಮುಗಿದ ಕೂಡಲೇ ಅದು ಪೆಟ್ಟಿಗೆಗೆ,
ಪೆಟ್ಟಿಗೆ ಅವರ ಓಮ್ನಿಗೆ.
ತುಟಿ ಮಾತ್ರ ನನ್ನ ಸಂಗಡ ಮನೆಗೆ ಬರುತ್ತಿತ್ತು,
ಸಣ್ಣಗೆ ಬಾತು.

ಅಪ್ಪ ಊದಿದ್ದು ಮೌರಿ. ಕೂಗುವ ವಾದ್ಯ ಅದು,
ಹೊಳೆಯಾಚೆಯವರನ್ನು ಊಟಕ್ಕೆ ಕರೆಯುವಂಥದು.
ನನಗೆ ಬೇಕಾದದ್ದು ಟೆನರ್:
ಪಕ್ಕದಲ್ಲಿ ಕೂತವನಿಗಷ್ಟೇ ಹೇಳುವ ದನಿ,
ಜ್ವರ ಬಿಟ್ಟ ಮರುದಿನ ಗಂಡಸರಿಗೆ ಇರುತ್ತದಲ್ಲ, ಅಂಥದು.

ಕೈಯಲ್ಲಿ ಮೂವತ್ತು ಸಾವಿರ.
ಅದರಲ್ಲಿ ಆರು ಹೆಂಡತಿಯ ಚೀಟಿಯದು.
ಅವಳು ಕೇಳಿದ್ದು ಒಂದೇ ಮಾತು:
"ಇದಕ್ಕೆ ಹುಲ್ಲು ನೀರು ಏನೂ ಬೇಡವಲ್ಲ?"

ಮಡಗಾಂವಿನ ಅಂಗಡಿಯಲ್ಲಿ ಚೀನಾದ್ದು,
ಮದುಮಗನ ಉಂಗುರದ ಹಾಗೆ ಹೊಳೆಯುತ್ತ.
ಐವತ್ತೆರಡು; ಇಳಿಸಿ, ನಲವತ್ತೆಂಟು.
ಊದಿದೆ. ಎಲ್ಲ ಸ್ವರಗಳೂ ಬಂದವು,
ಶಾಲೆಯ ಮೊದಲ ದಿನದ ಮಕ್ಕಳಂತೆ, ಸಾಲಾಗಿ, ತಲೆಗೆ ಎಣ್ಣೆ ಹಚ್ಚಿಕೊಂಡು.
ಅಂಗಡಿಯವನು ಕೊಡಿಸಿದ ಚಹಾ ಕುಡಿದು
ಸಂಜೆಯ ಡೆಮು ಗಾಡಿ ಹತ್ತಿದೆ.

ನಮ್ಮ ದಯಾನಂದ ಮೀರತ್ತಿನದು ತರಿಸಿದ್ದ.
"ಇಪ್ಪತ್ತೆರಡಕ್ಕೆ ಹೊಸದು ಮಾರಾಯ!"
ಮೂರನೆಯ ಮದುವೆಗೆ ಸ್ಪ್ರಿಂಗು ಹಾರಿ
ಭಟ್ಟರ ಹರಿವಾಣದ ಅಕ್ಷತೆಯಲ್ಲಿ ಬಿತ್ತು.
ಈಗ ಹರಿವೆ ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡು ಹಾಕಿ ಊದುತ್ತಾನೆ.

ಸದಾಶಿವಗಡದ ಫೆರ್ಮಿನ್ ಬಾಯಿಯ ಮನೆಯಲ್ಲೊಂದಿದೆ
ಎಂದವನು ಮೀನು ಲಾರಿಯ ಡ್ರೈವರ್.
ಕಾಳಿ ಹೊಳೆ ದಾಟಿ ಹೋದೆ.
ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಯಿತು, ಡಾಂಬರು ಗುಳಿಗೆಯ ವಾಸನೆ.
ಕಾಯ್ತಾನ್ ತೀರಿಕೊಂಡು ನಾಲ್ಕು ಮಳೆಗಾಲ.
ಹಿತ್ತಾಳೆಗೆ ಬೆರಳು ಕೂರುವಲ್ಲಿ ಮಾತ್ರ ಮೆರುಗು,
ಕೊರಳ ಸುತ್ತ ಹಸಿರು ಕಿಲುಬು.
ಉಪ್ಪುಗಾಳಿ ಯಾರನ್ನು ಬಿಟ್ಟಿದೆ.

ಕಿಟಕಿ ಮುಚ್ಚಿಸಿದೆ.
ವಯರಿಗೆ ಕಟ್ಟಿದ ಪುಟ್ಟ ಬಲ್ಬನ್ನು ಅದರ ಹೊಟ್ಟೆಗೆ ಇಳಿಬಿಟ್ಟು
ಮುಚ್ಚಳ ಒಂದೊಂದನ್ನೇ ಒತ್ತಿದೆ,
ಬೆಳಕು ಎಲ್ಲಿ ಸೋರುತ್ತದೆ ಎಂದು.
ಎರಡು ಕಡೆ ಕೂದಲೆಳೆಯಷ್ಟು.
ಅಡಿಯ ದೊಡ್ಡ ಮುಚ್ಚಳದಲ್ಲಿ, ಉಗುರು ಕತ್ತರಿಸಿ ಎಸೆದಷ್ಟು.
ಬಾಯಿ ಬೆನ್ನ ಹಿಂದೆ ನಿಂತಿದ್ದಳು:
"ಅವರ ಎದೆಯ ಫೋಟೊವನ್ನು ಡಾಕ್ಟರು ಹೀಗೇ ನೋಡಿದ್ದರು,
ಬೆಳಕಿಗೆ ಹಿಡಿದು. ಏನೂ ಹೇಳಲಿಲ್ಲ.
ನೀನಾದರೂ ಹೇಳು."

ಹೇಳಿದೆ. ಮೂರು ಪ್ಯಾಡು, ಕೊರಳಿಗೊಂದು ಬೆಂಡು,
ಮಾಪ್ಸಾದ ರಿಪೇರಿಯವನಿಗೆ ಐದಾರು ಸಾವಿರ.
ಕೊಳವೆ ನೆಟ್ಟಗಿದೆ, ಬೆಸುಗೆ ಬಿಟ್ಟಿಲ್ಲ.
ದಿನವೂ ಊದಿದರೆ ನನಗಿಂತ ಹೆಚ್ಚು ಬಾಳುತ್ತದೆ,
ಇಟ್ಟರೆ ಇನ್ನೆರಡು ಮಳೆಗಾಲ.

ಇಪ್ಪತ್ತು ಎಂದಳು.
ಹದಿನಾರರಿಂದ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.
ನೋಟು ಎಣಿಸಿ ಮೇಜಿನ ಮೇಲಿಟ್ಟೆ.
ಆಗ ಅವಳು ಪೆಟ್ಟಿಗೆಯ ಮೂಲೆಯಿಂದ
ಕಪ್ಪು ಬಾಯಿತುಂಡನ್ನು ತೆಗೆದು ಗೌನಿನ ಕಿಸೆಗೆ ಹಾಕಿಕೊಂಡಳು.
"ಇದು ಇಲ್ಲ."
ಅದರ ನೆತ್ತಿಯ ಮೇಲೆ ಎರಡು ಹಲ್ಲಿನ ಗುಳಿ,
ಮೂವತ್ತು ವರ್ಷ ಕಚ್ಚಿ ತೋಡಿದ್ದು.

ಊದಿ ನೋಡದೆ ಕೊಂಡೆಯಾ?
ಎಂದು ದಯಾನಂದ ಇಡೀ ಬ್ಯಾಂಡಿಗೆ ಹೇಳಿಕೊಂಡು ಬಂದ.
ರಬ್ಬರ್ ಬ್ಯಾಂಡಿನವನು!

ಈಗ ಪ್ಲಾಸ್ಟಿಕ್ಕಿನ ಬಾಯಿ, ಹದಿನಾಲ್ಕು ನೂರು.
ಚಿಕ್ಕ ಪ್ಯಾಡು ಎರಡೂ ಆದವು; ದೊಡ್ಡದು ಮುಂದಿನ ಲಗ್ನಗಳಿಗೆ.
ಬೆಳಗಿನ ಐದಕ್ಕೆ, ಐಸ್ ಒಡೆಯುವ ಯಂತ್ರ ನಿಂತ ಮೇಲೆ,
ಧಕ್ಕೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ.
ಕೊರಳಿಗೆ ನೇತುಬಿದ್ದ ಭಾರ, ಒಳ್ಳೆಯ ಒಂದು ಇಸ್ವಣದಷ್ಟು.
ಅಡಿಯ ಸ್ವರ ಇನ್ನೂ ಒಲಿದಿಲ್ಲ.
ಗಾಳಿ, ಗಾಳಿ, ಆಮೇಲೆ ಒಂದು ಕೆಮ್ಮು,
ಎಲ್ಲೋ ಒಂದು ದಿನ, ಮೊಣಕಾಲು ನಡುಗಿಸುವ ಹಾಗೆ, ಪೂರ್ತಿ.

ಬಲೆ ಹೊಲಿಯುವ ಉಮಾಕಾಂತಣ್ಣನಿಗೆ ಕಣ್ಣು ಮಂದ.
ಕತ್ತಲೆಯಿಂದಲೇ ಕೇಳಿದ:
"ಯಾರ ದೋಣಿಯೋ ಅದು, ಬಂದದ್ದು?"

"ನಂದು" ಅಂದೆ.